ಮನೆಯೊಡೆಯ – ಬಾಡಿಗೆದಾರರ ಕಲಹ ಮತ್ತು ಪೋಲೀಸರ ಕರ್ತವ್ಯ

ಅನ್ನ ವಸ್ತ್ರಗಳಂತೆಯೇ ವಸತಿಯೂ ಮಾನವನ ಮೊದಲ ಅಗತ್ಯಗಳಲ್ಲೊಂದು. ಆದರೆ ಎಲ್ಲರಿಗೂ ಸ್ವಂತ ಮನೆಯಿರುವುದಿಲ್ಲ. ಉದ್ಯೋಗದ ನಿಮಿತ್ತ ಊರು ಬಿಟ್ಟು ಬಂದವರು, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಪೇಟೆಯಲ್ಲಿ ಬಿಡಾರ ಮಾಡಿದವರು, ಚಿಕ್ಕದೊಂದು ಅಂಗಡಿಯನ್ನಿಟ್ಟು ಸಂಸಾರ ಸಾಗಿಸುವವರು, ಇವರೆಲ್ಲ ಇನ್ನೊಬ್ಬರ ಕಟ್ಟಡದಲ್ಲಿ ಬಾಡಿಗೆಗೆ ಇರುವವರೇ. ಮನೆಯೊಡೆಯರೆಲ್ಲರೂ ಧನವಂತರೆಂದು ಭಾವಿಸುವುದೂ ತಪ್ಪು. ಗಂಡನನ್ನು ಕಳೆದುಕೊಂಡ ತಾಯಿಗೆ, ಕೆಲಸದಿಂದ ನಿವೃತ್ತನಾದ ವೃದ್ಧನಿಗೆ, ತಿಂಗಳಿಗೊಮ್ಮೆ ಬರುವ ಆ ಬಾಡಿಗೆಯ ಹಣವೇ ಎಷ್ಟೋ ಸಲ ಜೀವನಾಧಾರ. ಹೀಗೆ ಈ ಇಬ್ಬರೂ ಒಬ್ಬರಿಗೊಬ್ಬರು ಬೇಕಾದವರು. ಆದರೂ ಇವರ ನಡುವೆ ಮನಸ್ತಾಪವು ಹುಟ್ಟಿ, ಮಾತಿಗೆ ಮಾತು ಬೆಳೆದು, ಕೊನೆಗೆ ಪೋಲೀಸು ಠಾಣೆಯ ಮೆಟ್ಟಿಲನ್ನು ಹತ್ತುವ ಪ್ರಸಂಗಗಳು ವಿರಳವಲ್ಲ.

ಹಾಗೆ ಠಾಣೆಗೆ ಹೋದವರಿಗೆ ಅಲ್ಲಿ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ಜನರಲ್ಲಿ ಸಾಕಷ್ಟು ತಪ್ಪು ತಿಳಿವಳಿಕೆ ಇದೆ. ಕೆಲವರು ಪೋಲೀಸರು ಬಂದು ಬಾಡಿಗೆದಾರನನ್ನು ಹೊರಗೆ ಹಾಕಿಕೊಡುವರೆಂದು ನಂಬಿರುತ್ತಾರೆ. ಇನ್ನು ಕೆಲವರು ಮನೆ ಬಾಡಿಗೆಯ ಜಗಳದಲ್ಲಿ ಏಟು ತಿಂದರೂ ಪೋಲೀಸರಿಗೆ ಹೇಳಿ ಫಲವಿಲ್ಲವೆಂದು ಸುಮ್ಮನಿರುತ್ತಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ಇದನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

೧. ಕಲಹದ ಎರಡು ಮುಖಗಳು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಬಾಡಿಗೆದಾರನು ನಾಲ್ಕು ತಿಂಗಳ ಬಾಡಿಗೆಯನ್ನು ಬಾಕಿಯಿರಿಸಿಕೊಂಡಿದ್ದಾನೆ. ಮನೆಯೊಡೆಯನು ಹಲವು ಸಲ ಕೇಳಿದನು. ಇವನು ‘ನಾಳೆ’ ಎಂದನು. ಕೊನೆಗೊಂದು ದಿನ ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಮನೆಯೊಡೆಯನು ಬಾಗಿಲಿಗೆ ತನ್ನದೊಂದು ಬೀಗವನ್ನು ಜಡಿದನು. ಸಂಜೆ ಶಾಲೆಯಿಂದ ಬಂದ ಮಗುವು ಜಗಲಿಯಲ್ಲಿ ನಿಂತಿದೆ. ಅದರ ಪುಸ್ತಕ, ಬಟ್ಟೆಬರೆಗಳೆಲ್ಲ ಒಳಗಿವೆ. ತಂದೆ ಬಂದನು, ಕೂಗಾಟವಾಯಿತು, ಒಬ್ಬರ ಮೇಲೊಬ್ಬರು ಕೈಮಾಡಿದರು. ನೆರೆಯವರು ಪೋಲೀಸರನ್ನು ಕರೆದರು.

ಈಗ ಬಂದ ಪೋಲೀಸರ ಮುಂದೆ ಇರುವ ಪ್ರಶ್ನೆಗಳು ಒಂದೇ ಬಗೆಯವಲ್ಲ. ಬಾಡಿಗೆ ಎಷ್ಟು ಬಾಕಿಯಿದೆ? ಮುಂಗಡದ ಹಣವನ್ನು ಅದಕ್ಕೆ ವಜಾ ಹಾಕಬಹುದೇ? ಕರಾರಿನ ಅವಧಿ ಮುಗಿದಿದೆಯೇ? ಬಾಡಿಗೆದಾರನು ಮನೆಯನ್ನು ಬಿಡಬೇಕೇ, ಇರಬಹುದೇ? ಇವು ಒಂದು ಗುಂಪಿನ ಪ್ರಶ್ನೆಗಳು. ಇವು ಹಕ್ಕುಬಾಧ್ಯತೆಗಳಿಗೆ ಸಂಬಂಧಿಸಿದವು. ಇವುಗಳನ್ನು ತೀರ್ಮಾನಿಸುವ ಅಧಿಕಾರವು ನ್ಯಾಯಾಲಯಕ್ಕೆ ಮಾತ್ರ ಇದೆ. ಯಾರು ಯಾರಿಗೆ ಹೊಡೆದರು? ಬೆದರಿಕೆ ಹಾಕಿದವರಾರು? ಇನ್ನೊಬ್ಬನ ಸ್ವಾಧೀನದಲ್ಲಿದ್ದ ಮನೆಯೊಳಕ್ಕೆ ನುಗ್ಗಿದವರಾರು? ದಾರಿಯನ್ನು ಅಡ್ಡಗಟ್ಟಿದವರಾರು? ಇವು ಎರಡನೆಯ ಗುಂಪಿನವು. ಇವು ಶಾಂತಿ ಮತ್ತು ಅಪರಾಧಗಳಿಗೆ ಸಂಬಂಧಿಸಿದವು. ಇವುಗಳಲ್ಲಿ ಪ್ರವೇಶಿಸುವುದು ಪೋಲೀಸರ ಅಧಿಕಾರ ಮಾತ್ರವಲ್ಲ, ಕರ್ತವ್ಯವೂ ಹೌದು.

ಪೋಲೀಸರು ಅನೇಕ ವೇಳೆ ‘ಇದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿ’ ಎಂದು ಹೇಳಿ ಕಳುಹಿಸುವುದುಂಟು. ಮೊದಲನೆಯ ಗುಂಪಿನ ಪ್ರಶ್ನೆಗಳಿಗೆ ಈ ಉತ್ತರವು ಸರಿಯಾದುದೇ. ಎರಡನೆಯ ಗುಂಪಿನ ಪ್ರಶ್ನೆಗಳಿಗೆ ಈ ಉತ್ತರವು ಸಾಲದು. ಜಗಳದ ಮೂಲವು ಬಾಡಿಗೆಯೆಂಬ ಕಾರಣದಿಂದ ಹೊಡೆತವು ಹೊಡೆತವಲ್ಲದೆ ಹೋಗುವುದಿಲ್ಲ. ಅದೇ ರೀತಿ, ಹೊಡೆತ ನಡೆಯಿತೆಂಬ ಕಾರಣದಿಂದ ಮನೆ ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಠಾಣೆಯಲ್ಲಿ ತೀರ್ಮಾನಿಸಲಿಕ್ಕೂ ಬರುವುದಿಲ್ಲ. ಈ ಭೇದವನ್ನು ತಿಳಿದವನು ಅರ್ಧ ವಿಷಯವನ್ನು ತಿಳಿದಂತೆಯೇ ಸರಿ.

೨. ಒಡೆತನ ಬೇರೆ, ಸ್ವಾಧೀನ ಬೇರೆ

‘ಮನೆ ನನ್ನದು, ನನ್ನ ಮನೆಗೆ ನಾನು ಬೀಗ ಹಾಕಿದರೆ ಕೇಳುವವರಾರು?’ ಎಂದು ಮನೆಯೊಡೆಯನು ಕೇಳಬಹುದು. ಮಾತು ಮೇಲ್ನೋಟಕ್ಕೆ ನ್ಯಾಯವಾಗಿ ತೋರುತ್ತದೆ. ಆದರೆ ಕಾನೂನು ಒಡೆತನವನ್ನೂ ಸ್ವಾಧೀನವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಬಾಡಿಗೆಗೆ ಕೊಟ್ಟ ದಿನದಿಂದ ಒಡೆತನವು ಮನೆಯೊಡೆಯನಲ್ಲಿಯೇ ಉಳಿದರೂ ಸ್ವಾಧೀನವು ಬಾಡಿಗೆದಾರನಿಗೆ ಹೋಗುತ್ತದೆ. ಬಾಡಿಗೆ ಎಂಬುದರ ಅರ್ಥವೇ ಅದು.

೨೦೨೪ರ ಜುಲೈ ೧ರಿಂದ ಹಳೆಯ ಭಾರತೀಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ೨೦೨೩ ಎಂಬ ಶಾಸನವು ಜಾರಿಯಲ್ಲಿದೆ. ಅದರ ೩೨೯ನೆಯ ಪ್ರಕರಣವು ಅತಿಕ್ರಮ ಪ್ರವೇಶವನ್ನು ವಿವರಿಸುತ್ತದೆ. ‘ಇನ್ನೊಬ್ಬನ ಒಡೆತನದ’ ಸ್ವತ್ತನ್ನು ಪ್ರವೇಶಿಸುವುದೆಂದು ಅದು ಹೇಳುವುದಿಲ್ಲ. ‘ಇನ್ನೊಬ್ಬನ ಸ್ವಾಧೀನದಲ್ಲಿರುವ’ ಸ್ವತ್ತನ್ನು ಅಪರಾಧವೆಸಗುವ ಅಥವಾ ಅವನನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶದಿಂದ ಪ್ರವೇಶಿಸುವುದೆಂದು ಹೇಳುತ್ತದೆ. ಆದುದರಿಂದ ಅಂತಹ ಉದ್ದೇಶದಿಂದ ಬಲಾತ್ಕಾರವಾಗಿ ಬಾಡಿಗೆದಾರನ ಮನೆಯೊಳಕ್ಕೆ ನುಗ್ಗಿದ ಮನೆಯೊಡೆಯನು ತನ್ನದೇ ಮನೆಯಲ್ಲಿ ಅತಿಕ್ರಮ ಪ್ರವೇಶದ ಅಪರಾಧಿಯಾಗಬಹುದು. ವಾಸದ ಮನೆಯೊಳಕ್ಕೆ ಹೀಗೆ ಅತಿಕ್ರಮಿಸಿದರೆ ಒಂದು ವರ್ಷದವರೆಗೆ ಕಾರಾಗೃಹವಾಸ, ೫,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಇವೆರಡೂ ವಿಧಿಸಲ್ಪಡಬಹುದು.

ಸರ್ವೋಚ್ಚ ನ್ಯಾಯಾಲಯವು ೧೯೮೯ರ ಒಂದು ತೀರ್ಪಿನಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ಸಾರಿದೆ. ಸ್ವತ್ತಿನಲ್ಲಿ ನೆಲೆಯಾಗಿ ಸ್ವಾಧೀನದಲ್ಲಿರುವವನಿಗೆ ಅಲ್ಲಿ ಉಳಿಯುವ ಹಕ್ಕಿಲ್ಲವೆಂದೇ ಇಟ್ಟುಕೊಂಡರೂ ಮಾಲಿಕನು ಅವನನ್ನು ಕಾನೂನಿನ ಮಾರ್ಗದಿಂದಲ್ಲದೆ ಹೊರಗೆ ಹಾಕುವಂತಿಲ್ಲವೆಂಬುದು ಅದರ ಸಾರಾಂಶ. ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೬ನೆಯ ಪ್ರಕರಣವೂ ಇದಕ್ಕೆ ಆಧಾರವಾಗಿದೆ. ತನ್ನ ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ‘ಮನೆ ಯಾರದು?’ ಎಂಬ ಪ್ರಶ್ನೆಯು ಅಡ್ಡಿಯಾಗುವುದಿಲ್ಲ, ‘ಬಲಾತ್ಕಾರದಿಂದ ಹೊರಹಾಕಿದರೇ?’ ಎಂಬುದೊಂದೇ ಪ್ರಶ್ನೆ. ಮೊದಲು ಅನ್ಯಾಯವಾಗಿ ಕಸಿದುಕೊಂಡುದನ್ನು ಹಿಂದೆ ಕೊಡು, ಆಮೇಲೆ ನಿನ್ನ ಹಕ್ಕನ್ನು ಸ್ಥಾಪಿಸು ಎಂಬುದು ಇದರ ಹಿಂದಿನ ನೀತಿ.

ಇದೇ ನೀತಿಯು ಇನ್ನೊಂದು ಪಕ್ಷಕ್ಕೂ ಅನ್ವಯಿಸುತ್ತದೆ. ಮನೆಯೊಡೆಯನು ಬೀಗ ಹಾಕಿದನೆಂದು ಬಾಡಿಗೆದಾರನು ಹತ್ತು ಜನರನ್ನು ಕೂಡಿಸಿ ಬೀಗವನ್ನೊಡೆದು ಹೊಡೆದಾಟಕ್ಕೆ ನಿಂತರೆ ಅವನೂ ಅಪರಾಧಿಯ ಸ್ಥಾನಕ್ಕೆ ಇಳಿಯುತ್ತಾನೆ. ನ್ಯಾಯವು ತನ್ನ ಕಡೆ ಇದ್ದರೂ ಬಲವನ್ನು ಬಳಸಿದವನು ಆ ನ್ಯಾಯವನ್ನು ಮಲಿನಗೊಳಿಸುತ್ತಾನೆ.

೩. ಪೋಲೀಸರು ಮಾಡಬೇಕಾದುದು

ಕಲಹದ ವರ್ತಮಾನವು ಬಂದೊಡನೆ ಸ್ಥಳಕ್ಕೆ ಹೋಗಿ ಉಭಯಪಕ್ಷದವರನ್ನು ಬೇರ್ಪಡಿಸಿ ಶಾಂತಿಯನ್ನು ಕಾಪಾಡುವುದು ಪೋಲೀಸರ ಮೊದಲ ಕೆಲಸ. ತುರ್ತು ಸಹಾಯಕ್ಕಾಗಿ ೧೧೨ ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ತಿಳಿಸಬಹುದು. ಗಾಯಗೊಂಡವರಿದ್ದರೆ ಅವರಿಗೆ ಚಿಕಿತ್ಸೆ ದೊರೆಯುವಂತೆ ನೋಡಿಕೊಳ್ಳಬೇಕು. ಆಸ್ಪತ್ರೆಯಲ್ಲಿ ದಾಖಲಾಗುವ ಗಾಯದ ವಿವರವು ಮುಂದೆ ಮುಖ್ಯ ಸಾಕ್ಷ್ಯವಾಗುತ್ತದೆ.

ಅನಂತರದ ಕೆಲಸವು ಅಪರಾಧದ ಸ್ವರೂಪವನ್ನು ಅವಲಂಬಿಸಿದೆ. ಕಾನೂನು ಅಪರಾಧಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದೆ. ಪೋಲೀಸರು ವಾರಂಟಿಲ್ಲದೆಯೇ ಬಂಧಿಸಿ, ನ್ಯಾಯಾಧೀಶರ ಅಪ್ಪಣೆಗೆ ಕಾಯದೆ ತನಿಖೆ ನಡೆಸಬಹುದಾದವು ಸಂಜ್ಞೇಯ ಅಪರಾಧಗಳು. ಮನೆಯೊಳಕ್ಕೆ ಅತಿಕ್ರಮವಾಗಿ ನುಗ್ಗುವುದು, ಒಬ್ಬನನ್ನು ಅವನಿಗೆ ಹೋಗಲು ಹಕ್ಕಿರುವ ದಾರಿಯಲ್ಲಿ ಹೋಗದಂತೆ ಅಡ್ಡಗಟ್ಟುವುದು, ಆಯುಧದಿಂದ ಗಾಯಗೊಳಿಸುವುದು ಈ ವರ್ಗಕ್ಕೆ ಸೇರಿವೆ. ಬರಿಗೈಯಿಂದ ಹೊಡೆದು ಸಾಮಾನ್ಯ ನೋವುಂಟುಮಾಡುವುದು, ಸಾಧಾರಣ ಬೆದರಿಕೆ ಹಾಕುವುದು, ಶಾಂತಿಭಂಗವಾಗುವಂತೆ ಅವಮಾನಿಸುವುದು ಅಸಂಜ್ಞೇಯ ಅಪರಾಧಗಳು. ಇವುಗಳ ತನಿಖೆಗೆ ದಂಡಾಧಿಕಾರಿಗಳ ಅಪ್ಪಣೆ ಬೇಕು.

ಪೋಲೀಸರ ಕಾರ್ಯಕ್ರಮವನ್ನು ಗೊತ್ತುಪಡಿಸುವ ಶಾಸನವೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ೨೦೨೩. ಅದರ ೧೭೩ನೆಯ ಪ್ರಕರಣದಂತೆ ಸಂಜ್ಞೇಯ ಅಪರಾಧದ ವರ್ತಮಾನವನ್ನು ಬಾಯಿಮಾತಿನಲ್ಲಿ ತಿಳಿಸಿದರೂ ಅಧಿಕಾರಿಯು ಅದನ್ನು ಬರೆದುಕೊಳ್ಳಬೇಕು, ಬರೆದುದನ್ನು ಹೇಳಿದವನಿಗೆ ಓದಿ ತಿಳಿಸಬೇಕು, ಸಹಿ ಪಡೆಯಬೇಕು, ಅದರ ಪ್ರತಿಯನ್ನು ಧರ್ಮಾರ್ಥವಾಗಿ ಕೊಡಬೇಕು. ಇದೇ ಪ್ರಥಮ ವರ್ತಮಾನ ವರದಿ. ‘ಇದು ನಮ್ಮ ಠಾಣೆಯ ಸರಹದ್ದಲ್ಲ’ ಎಂದು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ಅಪರಾಧವು ಎಲ್ಲಿ ನಡೆದಿದ್ದರೂ ವರ್ತಮಾನವನ್ನು ಸ್ವೀಕರಿಸತಕ್ಕದ್ದು. ಹೇಳಿದ ಸಂಗತಿಯಲ್ಲಿ ಸಂಜ್ಞೇಯ ಅಪರಾಧವು ಕಂಡುಬಂದರೆ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ೨೦೧೩ರ ನವೆಂಬರ್ ೧೨ರಂದು ತೀರ್ಪಿತ್ತಿದೆ. ಠಾಣೆಯಲ್ಲಿ ದಾಖಲಿಸಿಕೊಳ್ಳಲು ನಿರಾಕರಿಸಿದರೆ ಜಿಲ್ಲೆಯ ಪೋಲೀಸು ಅಧೀಕ್ಷಕರಿಗೆ ಅಂಚೆಯ ಮೂಲಕ ಬರೆದು ಕಳುಹಿಸಬಹುದು. ಅಲ್ಲಿಯೂ ಫಲಿಸದಿದ್ದರೆ ದಂಡಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಅಸಂಜ್ಞೇಯ ಅಪರಾಧವಾಗಿದ್ದರೂ ಅದರ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುಗಾರನನ್ನು ದಂಡಾಧಿಕಾರಿಗಳ ಬಳಿಗೆ ಕಳುಹಿಸಬೇಕು, ಸುಮ್ಮನೆ ಅಟ್ಟಿಬಿಡುವಂತಿಲ್ಲ.

ಜಗಳವು ಇನ್ನೂ ಹೆಚ್ಚುವ ಲಕ್ಷಣವಿದ್ದರೆ ಅದನ್ನು ತಡೆಯಲಿಕ್ಕೂ ಕಾನೂನಿನಲ್ಲಿ ಉಪಾಯಗಳಿವೆ. ಸಂಜ್ಞೇಯ ಅಪರಾಧವನ್ನು ಎಸಗಲು ಸಿದ್ಧನಾದವನನ್ನು ಬೇರೆ ಯಾವ ರೀತಿಯಿಂದಲೂ ತಡೆಯಲಾಗದಿದ್ದಾಗ ಪೋಲೀಸರು ೧೭೦ನೆಯ ಪ್ರಕರಣದಂತೆ ಬಂಧಿಸಬಹುದು. ಆದರೆ ಬೇರೆ ಕಾನೂನಿನ ಆಧಾರವಿಲ್ಲದೆ ೨೪ ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಶಾಂತಿಭಂಗದ ಭಯವಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ೧೨೬ನೆಯ ಪ್ರಕರಣದಂತೆ ಒಂದು ವರ್ಷದವರೆಗೆ ಶಾಂತಿಯಿಂದಿರುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳಬಹುದು.

ಇನ್ನು ೧೬೪ನೆಯ ಪ್ರಕರಣವು ನಮ್ಮ ವಿಷಯಕ್ಕೆ ಬಹಳ ಸಮೀಪವಾದುದು. ನೆಲ ಅಥವಾ ನೀರಿನ ವಿಷಯದ ವಿವಾದದಿಂದ ಶಾಂತಿಭಂಗವಾಗುವುದೆಂದು ಪೋಲೀಸರು ವರದಿ ಮಾಡಿದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಉಭಯರನ್ನೂ ಕರೆಸಿ ವಿಚಾರಿಸುತ್ತಾರೆ. ಇಲ್ಲಿ ನೆಲವೆಂಬ ಮಾತಿನಲ್ಲಿ ಕಟ್ಟಡಗಳೂ ಸೇರುತ್ತವೆ. ಆ ವಿಚಾರಣೆಯಲ್ಲಿಯೂ ಹಕ್ಕಿನ ತೀರ್ಮಾನವಿಲ್ಲ. ಆ ದಿನ ವಾಸ್ತವವಾಗಿ ಸ್ವಾಧೀನದಲ್ಲಿ ಯಾರಿದ್ದರು ಎಂಬುದೊಂದೇ ವಿಚಾರ. ಪೋಲೀಸರ ವರದಿಗೆ ಹಿಂದಿನ ಎರಡು ತಿಂಗಳೊಳಗೆ ಯಾರನ್ನಾದರೂ ಬಲಾತ್ಕಾರದಿಂದ ಹೊರಗೆ ಹಾಕಿದ್ದರೆ ಅವನನ್ನೇ ಸ್ವಾಧೀನದಲ್ಲಿದ್ದವನೆಂದು ಎಣಿಸಬಹುದು. ಹೀಗೆ ರಾತ್ರೋರಾತ್ರಿ ಬೀಗ ಜಡಿದವನಿಗೆ ಆ ಬೀಗದಿಂದ ಲಾಭವಾಗದಂತೆ ಶಾಸನವು ಎಚ್ಚರ ವಹಿಸಿದೆ.

೪. ಪೋಲೀಸರು ಮಾಡಬಾರದುದು

ನ್ಯಾಯಾಲಯದ ಆಜ್ಞೆಯಿಲ್ಲದೆ ಮನೆಯನ್ನು ಖಾಲಿ ಮಾಡಿಸುವ ಅಧಿಕಾರವು ಠಾಣಾಧಿಕಾರಿಗೆ ಇಲ್ಲ. ಬಾಡಿಗೆಯ ಬಾಕಿಯನ್ನು ವಸೂಲು ಮಾಡಿಕೊಡುವ ಅಧಿಕಾರವೂ ಇಲ್ಲ. ‘ಇಷ್ಟು ದಿನದೊಳಗೆ ಮನೆ ಬಿಡುತ್ತೇನೆ’ ಎಂದು ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡ ಕಾಗದವು ನ್ಯಾಯಾಲಯದ ಡಿಕ್ರಿಗೆ ಸಮಾನವಾಗುವುದಿಲ್ಲ. ಉಭಯರೂ ಮನಃಪೂರ್ವಕವಾಗಿ ರಾಜಿಯಾದರೆ ಸಂತೋಷವೇ; ಆದರೆ ಒಪ್ಪಿಗೆಯು ಭಯದಿಂದ ಹುಟ್ಟಿದ್ದಾಗಿರಬಾರದು. ನ್ಯಾಯಾಲಯವು ಮನೆ ಬಿಡಿಸುವ ಆಜ್ಞೆಯನ್ನು ಕೊಟ್ಟ ಮೇಲೆ ಅದನ್ನು ಜಾರಿ ಮಾಡುವವನು ನ್ಯಾಯಾಲಯದ ಅಮೀನನು. ಅಡ್ಡಿ ಬಂದಾಗ ನ್ಯಾಯಾಲಯದ ನಿರ್ದೇಶದಂತೆ ಪೋಲೀಸರು ಅವನಿಗೆ ಬೆಂಬಲವಾಗಿ ನಿಲ್ಲುತ್ತಾರೆ.

ವಿಚಾರಣೆಯ ನೆವದಿಂದ ಮನೆಯ ಹೆಂಗಸರನ್ನು ಠಾಣೆಗೆ ಎಳೆದಾಡುವುದೂ ಸಲ್ಲದು. ಸಾಕ್ಷಿಯಾಗಿ ವಿಚಾರಿಸಬೇಕಾದಾಗ ಸ್ತ್ರೀಯರನ್ನು, ೧೫ ವರ್ಷಕ್ಕಿಂತ ಕೆಳಗಿನ ಹುಡುಗರನ್ನು, ೬೦ ವರ್ಷ ಮೀರಿದ ವೃದ್ಧರನ್ನು ಅವರು ವಾಸಿಸುವ ಸ್ಥಳದಲ್ಲಿಯೇ ವಿಚಾರಿಸಬೇಕೆಂದು ೧೭೯ನೆಯ ಪ್ರಕರಣವು ವಿಧಿಸುತ್ತದೆ. ಅಸಾಧಾರಣ ಸಂದರ್ಭದ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸ್ತ್ರೀಯರನ್ನು ಬಂಧಿಸುವಂತಿಲ್ಲ. ಬಂಧಿಸಲ್ಪಟ್ಟ ಯಾರನ್ನಾದರೂ ೨೪ ಗಂಟೆಗಳೊಳಗೆ, ಪ್ರಯಾಣದ ಕಾಲವನ್ನು ಬಿಟ್ಟು, ದಂಡಾಧಿಕಾರಿಗಳ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ ೨೨ನೆಯ ಅನುಚ್ಛೇದದ ಆಜ್ಞೆ.

೫. ಈ ಮಿತಿ ಏತಕ್ಕಾಗಿ?

‘ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯುವ ಬದಲು ಪೋಲೀಸರೇ ಅಲ್ಲಿಂದಲ್ಲಿಗೆ ತೀರ್ಮಾನಿಸಿದರೆ ಆಗದೇ?’ ಎಂದು ಯಾರಾದರೂ ಕೇಳಿದರೆ ಅದು ಅಸಹಜವಾದ ಪ್ರಶ್ನೆಯೇನೂ ಅಲ್ಲ. ಅದಕ್ಕೆ ಉತ್ತರವು ನಮ್ಮ ಕಾಸರಗೋಡಿನ ಚರಿತ್ರೆಯಲ್ಲಿಯೇ ಇದೆ. ಅದನ್ನು ತಿಳಿಯಬೇಕಾದರೆ ಮನೆ ಬಾಡಿಗೆಯಿಂದ ಸ್ವಲ್ಪ ಹಿಂದೆ ಸರಿದು, ಗದ್ದೆ ತೋಟಗಳ ಗೇಣಿಯ ಕಾಲವನ್ನು ನೆನೆಯಬೇಕು.

ನಮ್ಮ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಪರಿಚಿತವಾದವು. ನೆಲವು ಧಣಿಯದು, ದುಡಿಮೆ ಒಕ್ಕಲಿನದು. ಚಾಲಗೇಣಿಯ ಒಕ್ಕಲನ್ನು ಧಣಿಯು ಎಬ್ಬಿಸಬಹುದಾಗಿತ್ತು. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ ರೈತರು ಸಂಘಟಿತರಾಗಿ ಜನ್ಮಿಗಳ ಒಕ್ಕಲೆಬ್ಬಿಸುವಿಕೆಯನ್ನೂ ಗೇಣಿಯ ಮೇಲಿನ ಅಕ್ರಮ ವಸೂಲಿಗಳನ್ನೂ ವಿರೋಧಿಸಿದರು. ಪೋಲೀಸರು ರೈತರನ್ನು ಹಿಡಿದು ಹೊಡೆದರು. ಪೋಲೀಸರೆಂದರೆ ಧಣಿಗಳ ಕಡೆಯವರೆಂಬ ಭಾವನೆಯು ಜನರಲ್ಲಿ ಬೇರೂರಿತು. ೧೯೪೧ರ ಮಾರ್ಚ್ ೨೮ರಂದು ರೈತರ ಪ್ರತಿಭಟನೆಯ ಮೆರವಣಿಗೆಯ ಕೈಗೆ ಒಬ್ಬ ಪೋಲೀಸನು ಸಿಕ್ಕಿ, ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡನು. ಅನಂತರ ದಸ್ತಗಿರಿಗಳೂ ಮೊಕದ್ದಮೆಯೂ ನಡೆದು, ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರು ತರುಣ ರೈತರನ್ನು ಗಲ್ಲಿಗೇರಿಸಲಾಯಿತು. ಕನ್ನಡದ ಕಾದಂಬರಿಕಾರ ನಿರಂಜನರು ಈ ಘಟನೆಯನ್ನೇ ವಸ್ತುವಾಗಿರಿಸಿಕೊಂಡು ೧೯೫೫ರಲ್ಲಿ ‘ಚಿರಸ್ಮರಣೆ’ಯನ್ನು ಪ್ರಕಟಿಸಿದರು.

ಈ ಘಟನೆಯ ರಾಜಕೀಯವನ್ನು ಕುರಿತು ಅಭಿಪ್ರಾಯಭೇದಗಳಿರಬಹುದು. ಆದರೆ ಒಂದು ಪಾಠವು ನಿಸ್ಸಂದೇಹವಾದುದು. ಒಡೆಯ ಮತ್ತು ಒಕ್ಕಲಿನ ನಡುವಣ ಹಕ್ಕಿನ ಪ್ರಶ್ನೆಯಲ್ಲಿ ಪೋಲೀಸರು ಒಂದು ಪಕ್ಷದವರೆಂದು ಜನರು ತಿಳಿದ ದಿನ ಶಾಂತಿಯ ಕಾವಲು ಮುರಿದು ಬೀಳುತ್ತದೆ. ಆ ಮೇಲೆ ಪೋಲೀಸನ ಪ್ರಾಣಕ್ಕೂ ರಕ್ಷಣೆಯಿಲ್ಲ, ರೈತನ ಪ್ರಾಣಕ್ಕೂ ರಕ್ಷಣೆಯಿಲ್ಲ. ಗೇಣಿಯ ಪ್ರಶ್ನೆಯನ್ನು ಕೊನೆಗೆ ಬಗೆಹರಿಸಿದುದು ಲಾಠಿಯೂ ಅಲ್ಲ, ಕಲ್ಲೂ ಅಲ್ಲ, ಶಾಸನ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ, ೧೯೫೭ರ ಏಪ್ರಿಲ್ ೧೧ರಂದು ರಾಜ್ಯದ ಮೊದಲ ಚುನಾಯಿತ ಮಂತ್ರಿಮಂಡಲವು ಒಕ್ಕಲೆಬ್ಬಿಸುವಿಕೆಯನ್ನು ತಡೆಯುವ ಅಧ್ಯಾದೇಶವನ್ನು ಹೊರಡಿಸಿತು. ೧೯೬೩ರ ಕೇರಳ ಭೂಸುಧಾರಣಾ ಕಾಯಿದೆಯು ೧೯೬೯ರಲ್ಲಿ ತಿದ್ದುಪಡಿಯಾಗಿ, ೧೯೭೦ರ ಜನವರಿ ೧ರಿಂದ ವ್ಯವಸಾಯದ ಗೇಣಿಪದ್ಧತಿಯು ರದ್ದಾಯಿತು. ಒಕ್ಕಲು ತಾನು ಉತ್ತ ನೆಲಕ್ಕೆ ಹಕ್ಕುದಾರನಾದನು. ಇಂದು ಒಡೆಯ–ಒಕ್ಕಲುಗಳ ತಕರಾರೆಂದರೆ ಹೆಚ್ಚಾಗಿ ಮನೆ ಮತ್ತು ಅಂಗಡಿಗಳ ಬಾಡಿಗೆಯದೇ ಆಗಿದೆ. ಆದರೆ ಪಾಠವು ಹಳತಾಗಿಲ್ಲ. ಸಿಟ್ಟಿನ ವೇಳೆಯಲ್ಲಿ, ಪತ್ರಗಳನ್ನು ನೋಡದೆ, ಸಾಕ್ಷಿಗಳನ್ನು ಕೇಳದೆ, ಠಾಣೆಯಲ್ಲಿ ಮಾಡುವ ತೀರ್ಮಾನವು ಬಲ್ಲಿದನ ಪಕ್ಷಕ್ಕೆ ವಾಲುವ ಭಯವು ಯಾವಾಗಲೂ ಇದ್ದೇ ಇದೆ.

೬. ಹಕ್ಕಿನ ತೀರ್ಮಾನಕ್ಕೆ ಎಲ್ಲಿಗೆ ಹೋಗಬೇಕು?

ಕೇರಳದಲ್ಲಿ ಸರಕಾರವು ಗೊತ್ತುಪಡಿಸಿದ ಪ್ರದೇಶಗಳಲ್ಲಿ ೧೯೬೫ರ ಕಟ್ಟಡಗಳ ಗುತ್ತಿಗೆ ಮತ್ತು ಬಾಡಿಗೆ ನಿಯಂತ್ರಣ ಕಾಯಿದೆಯು ಅನ್ವಯಿಸುತ್ತದೆ. ಇದರಂತೆ ಬಾಡಿಗೆದಾರನನ್ನು ಬಿಡಿಸಲು ಮನೆಯೊಡೆಯನು ಬಾಡಿಗೆ ನಿಯಂತ್ರಣ ನ್ಯಾಯಾಲಯಕ್ಕೆ ಅರ್ಜಿ ಕೊಡಬೇಕು. ಬಾಡಿಗೆಯ ಬಾಕಿ, ಸ್ವಂತ ವಾಸಕ್ಕೆ ನಿಜವಾದ ಅಗತ್ಯ, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟಿರುವುದು, ಕಟ್ಟಡದ ಬೆಲೆಗೆ ಹಾನಿಯಾಗುವಂತೆ ಬಳಸಿರುವುದು, ಸಕಾರಣವಿಲ್ಲದೆ ಎಡೆಬಿಡದೆ ಆರು ತಿಂಗಳು ಅಲ್ಲಿ ವಾಸಿಸದಿರುವುದು, ಇಂತಹ ಕಾರಣಗಳನ್ನು ಸ್ಥಾಪಿಸಿ ತೋರಿಸಬೇಕು. ಸಕಾರಣವಿಲ್ಲದೆ ಬಾಡಿಗೆದಾರನ ನೀರು, ಬೆಳಕು ಮುಂತಾದ ಸೌಕರ್ಯಗಳನ್ನು ಕಡಿದುಹಾಕುವುದನ್ನು ೧೩ನೆಯ ಪ್ರಕರಣವು ನಿಷೇಧಿಸಿದೆ.

ಈ ಕಾಯಿದೆಯು ಬಾಡಿಗೆದಾರನನ್ನು ಮಾತ್ರ ಕಾಪಾಡುತ್ತದೆಂದು ತಿಳಿಯಬಾರದು. ೧೨ನೆಯ ಪ್ರಕರಣದಂತೆ, ತಾನು ಒಪ್ಪಿಕೊಂಡ ಬಾಕಿಯನ್ನು ಕೊಡದೆ ಅಥವಾ ನ್ಯಾಯಾಲಯದಲ್ಲಿ ಕಟ್ಟದೆ ಇರುವ ಬಾಡಿಗೆದಾರನು ಬಿಡಿಸುವ ಅರ್ಜಿಯನ್ನು ಎದುರಿಸಿ ವ್ಯಾಜ್ಯ ನಡೆಸುವಂತಿಲ್ಲ. ಬಾಡಿಗೆ ಕೊಡದೆ ಕಾನೂನಿನ ನೆರಳಿನಲ್ಲಿ ಹಾಯಾಗಿರಬಹುದೆಂದು ಭಾವಿಸುವವನಿಗೆ ಇದು ಎಚ್ಚರಿಕೆ. ಈ ಕಾಯಿದೆಯು ಅನ್ವಯಿಸದ ಊರುಗಳಲ್ಲಿ ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ನಿಯಮವಿದೆ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನಗಳ ನೋಟೀಸನ್ನು ಬರಹದಲ್ಲಿ ಕೊಟ್ಟು, ಬಿಡದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು.

ಬೇರೆ ಗಡಿನಾಡುಗಳಲ್ಲಿಯೂ ನಮ್ಮ ಬಂಧುಬಳಗದವರಿದ್ದಾರೆ. ನಮ್ಮ ವಿದ್ಯಾರ್ಥಿಗಳು ಮಂಗಳೂರು, ಮೈಸೂರುಗಳಿಗೆ ಓದಲು ಹೋಗುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಗಳಿರುವ ಮಹಾರಾಷ್ಟ್ರದಲ್ಲಿ ೧೯೯೯ರ ಬಾಡಿಗೆ ನಿಯಂತ್ರಣ ಕಾಯಿದೆ, ಹೊಸೂರು, ತಾಳವಾಡಿಗಳಿರುವ ತಮಿಳುನಾಡಿನಲ್ಲಿ ೨೦೧೯ರ ಫೆಬ್ರವರಿ ೨೨ರಿಂದ ಜಾರಿಗೆ ಬಂದ ೨೦೧೭ರ ಕಾಯಿದೆ, ಕರ್ನಾಟಕದಲ್ಲಿ ೧೯೯೯ರ ಬಾಡಿಗೆ ಕಾಯಿದೆ ಇವೆ. ವಿವರಗಳು ಬೇರೆಯಾದರೂ ಮೂಲತತ್ತ್ವವು ಒಂದೇ: ಬಲದಿಂದ ಬಿಡಿಸುವಂತಿಲ್ಲ, ನೀರು ಬೆಳಕನ್ನು ಆಯುಧ ಮಾಡುವಂತಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದವರು ಎದೆಗುಂದಬೇಕಾಗಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಗೊತ್ತಾದ ಮಿತಿಗಿಂತ ಕಡಿಮೆ ವರಮಾನದವರು ಉಚಿತ ಕಾನೂನು ನೆರವನ್ನು ಪಡೆಯಬಹುದು. ಇದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು, ಅಥವಾ ೧೫೧೦೦ ಸಂಖ್ಯೆಗೆ ದೂರವಾಣಿ ಮಾಡಬಹುದು. ಉಭಯರೂ ಒಪ್ಪಿ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅಲ್ಲಿಯ ತೀರ್ಪಿಗೆ ಡಿಕ್ರಿಯ ಬೆಲೆಯಿದೆ. ಅದರ ಮೇಲೆ ಅಪೀಲು ಇಲ್ಲ.

ನಮಗೆ ಗಡಿನಾಡಿನವರಿಗೆ ಭಾಷೆಯ ತೊಡಕೊಂದು ಬರಬಹುದು. ಸಂವಿಧಾನದ ೩೫೦ನೆಯ ಅನುಚ್ಛೇದದಂತೆ, ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಾದರೂ ಅರ್ಜಿ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಆದುದರಿಂದ ಕನ್ನಡದಲ್ಲಿ ದೂರು ಬರೆದುಕೊಡಲು ಯಾರೂ ಸಂಕೋಚಪಡಬೇಕಾಗಿಲ್ಲ. ಹಾಗೆಯೇ, ತನಗೆ ಓದಲು ಬಾರದ ಲಿಪಿಯಲ್ಲಿ ಬರೆದ ಹೇಳಿಕೆಗೆ, ಅದರ ಅರ್ಥವನ್ನು ಕೇಳಿ ತಿಳಿಯದೆ ಸಹಿ ಹಾಕಬಾರದು. ಶಾಲೆಯಲ್ಲಿ ಎರಡು ಮೂರು ಭಾಷೆಗಳನ್ನು ಕಲಿತ ಮಕ್ಕಳು ಇಂತಹ ವೇಳೆಯಲ್ಲಿ ತಮ್ಮ ಹಿರಿಯರಿಗೆ ನೆರವಾಗಬಹುದು.

೭. ಕಲಹವೇ ಹುಟ್ಟದಂತೆ

ರೋಗ ಬಂದ ಮೇಲೆ ಮದ್ದು ಮಾಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲೇಸು. ಬಾಡಿಗೆಯ ಕರಾರನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಮಾಡಿಕೊಳ್ಳಬೇಕು. ಒಂದು ವರ್ಷಕ್ಕೆ ಮೀರಿದ ಕರಾರಾದರೆ ಅದನ್ನು ನೋಂದಣಿ ಮಾಡಿಸುವುದು ಅವಶ್ಯ. ಬಾಡಿಗೆ ಎಷ್ಟು, ಮುಂಗಡವೆಷ್ಟು, ಮುಂಗಡವು ಎಂದು ಹೇಗೆ ಹಿಂದೆ ಸಿಗತಕ್ಕದ್ದು, ರಿಪೇರಿ ಯಾರದು, ವಿದ್ಯುತ್ತು ಮತ್ತು ನೀರಿನ ಖರ್ಚು ಯಾರದು, ಬಿಡುವ ಮುಂಚೆ ಎಷ್ಟು ದಿನದ ನೋಟೀಸು, ಇವಿಷ್ಟನ್ನು ಅದರಲ್ಲಿ ಕಾಣಿಸಿದರೆ ಜಗಳದ ಬೇರುಗಳು ಎಷ್ಟೋ ಕಡಿದುಹೋಗುತ್ತವೆ. ಬಾಡಿಗೆದಾರನು ಹಣ ಕೊಟ್ಟಾಗಲೆಲ್ಲ ರಸೀದಿ ಪಡೆಯಬೇಕು. ಮನೆಯೊಡೆಯನು ಬೇಸರವಿಲ್ಲದೆ ಕೊಡಬೇಕು. ಬ್ಯಾಂಕಿನ ಮೂಲಕ ಸಲ್ಲಿಸಿದರೆ ಲೆಕ್ಕವು ತಾನಾಗಿಯೇ ಉಳಿಯುತ್ತದೆ. ಕಷ್ಟಕಾಲದಲ್ಲಿ ಬಾಡಿಗೆ ಕೊಡಲಾಗದಿದ್ದರೆ ಮುಖ ಮರೆಸಿಕೊಳ್ಳದೆ ಮೊದಲೇ ಹೇಳಿ ವ್ಯವಧಾನ ಕೇಳಿಕೊಳ್ಳುವುದು ಮರ್ಯಾದೆಯ ಮಾರ್ಗ. ಮನೆ ಬೇಕಾದ ಒಡೆಯನೂ ಮಕ್ಕಳ ಪರೀಕ್ಷೆಯ ನಡುವೆ ಒತ್ತಾಯಿಸದೆ ವರ್ಷ ಮುಗಿಯುವವರೆಗೆ ಕಾದರೆ ಅವನಿಗೆ ನಷ್ಟಕ್ಕಿಂತ ಸದ್ಭಾವನೆಯ ಲಾಭವೇ ಹೆಚ್ಚು.

ಜಗಳವು ಬಂದೇಬಿಟ್ಟರೆ ಬೀಗಕ್ಕೂ ಕೋಲಿಗೂ ಕೈಹಾಕದೆ, ಹಿರಿಯರೊಬ್ಬರನ್ನು ನಡುವೆ ಕೂರಿಸಿ ಮಾತಾಡಬೇಕು. ಅದು ಸಾಗದಿದ್ದರೆ ನ್ಯಾಯಾಲಯವಿದೆ. ಪ್ರಾಣಭಯ, ಹೊಡೆತ, ಬಲಾತ್ಕಾರಗಳು ಕಂಡರೆ ತಡಮಾಡದೆ ಪೋಲೀಸರನ್ನು ಕರೆಯಬೇಕು. ದೂರಿನಲ್ಲಿ ನಡೆದುದನ್ನು ನಡೆದಂತೆ ಹೇಳಬೇಕು. ಎದುರಾಳಿಯನ್ನು ಸಿಕ್ಕಿಸಬೇಕೆಂಬ ಆಸೆಯಿಂದ ಇಲ್ಲದುದನ್ನು ಸೇರಿಸಿದರೆ ಇದ್ದ ಸತ್ಯವೂ ನಂಬಿಕೆಗೆ ಎರವಾಗುತ್ತದೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯು ನಮ್ಮಲ್ಲಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂದೂ ಹಿರಿಯರು ಹೇಳಿದ್ದಾರೆ. ಮನೆಯೊಡೆಯನ ಮಗನೂ ಬಾಡಿಗೆದಾರನ ಮಗಳೂ ನಮ್ಮ ಶಾಲೆಯಲ್ಲಿ ಒಂದೇ ಪಾಠವನ್ನು ಕೇಳುತ್ತಾರೆ. ನಾಳೆ ಇವರಲ್ಲೊಬ್ಬರು ಮನೆ ಕಟ್ಟಿ ಬಾಡಿಗೆಗೆ ಕೊಡಬಹುದು, ಒಬ್ಬರು ಬಾಡಿಗೆ ಮನೆಯಲ್ಲಿರಬಹುದು, ಇನ್ನೊಬ್ಬರು ಖಾಕಿಯನ್ನು ಧರಿಸಿ ಅವರ ಜಗಳದ ಬಾಗಿಲಿಗೆ ಬರಬಹುದು. ಮನೆಯನ್ನು ಯಾರಿಗೆ ಕೊಡಬೇಕೆಂಬುದನ್ನು ನ್ಯಾಯಾಲಯವು ಹೇಳಲಿ, ಅದನ್ನು ಹೇಳುವವರೆಗೆ ಯಾರೂ ಯಾರನ್ನೂ ನೋಯಿಸದಂತೆ ಪೋಲೀಸರು ಕಾಯಲಿ ಎಂಬ ಸರಳವಾದ ಕಾರ್ಯವಿಭಾಗವನ್ನು ಈ ಮೂವರೂ ಮರೆಯದಿದ್ದರೆ ಯಾವ ಮಗುವೂ ಬೀಗ ಹಾಕಿದ ಬಾಗಿಲಿನ ಮುಂದೆ ಸಂಜೆಯ ಹೊತ್ತು ನಿಲ್ಲಬೇಕಾಗಿ ಬಾರದು.